ಕೊಡದೊಳಗಿನ ಕೊರಮೀನು

ಆ ದಿನವೂ ನನ್ನ ಬೆಳಗು ಹಾಲಿನ ಪಾತ್ರೆಯ ಎದುರೇ ಆಯಿತು. ನಾನು ನಿಂತು ನೋಡುತ್ತಿದ್ದರೆ ಹಾಲು ಉಕ್ಕುವುದಿಲ್ಲ. ಈ ಮನೆಯಲ್ಲಿ ನನ್ನ ಮಾತು ಕೇಳುವ ವಸ್ತು ಅದೊಂದೇ ಆದ್ದರಿಂದ ನಾನು ದಿನವೂ ತಪ್ಪದೆ ನಿಲ್ಲುತ್ತೇನೆ. ಹಾಲು ಇಳಿಸಿ, ಯಜಮಾನರ ಗಡ್ಡಕ್ಕೆ ನೀರು ಕಾಯಿಸಿ, ಅತ್ತೆಗೆ ಗಂಜಿ ಇಟ್ಟೆ. ಗಂಜಿಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳೆದ್ದು ಒಂದೊಂದೇ ನಿಟ್ಟುಸಿರು ಬಿಟ್ಟು ಒಡೆಯುತ್ತಿದ್ದವು. ಆ ಗಂಜಿಯನ್ನು ಕಂಡಾಗ ಅತ್ತೆಯೂ ಹಾಗೆಯೇ ನಿಟ್ಟುಸಿರು ಬಿಡುತ್ತಿದ್ದರು.

ಅತ್ತೆಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿ ಮೂರು ವಾರವಾಗಿತ್ತು. ಅವರ ಊರು ಕೊಂಕಲ್. ಅಲ್ಲಿಗೆ ಕಳಿಸದೆ ಆಸ್ಪತ್ರೆಯಿಂದ ನೇರವಾಗಿ ಭೀಮರಾಯನಗುಡಿ ಕ್ಯಾಂಪಿನ ನಮ್ಮ ಕ್ವಾರ್ಟರ್ಸಿಗೆ ಕರೆತಂದಿದ್ದೆವು. ಯಜಮಾನರು ಇಲ್ಲಿ ನೀರಾವರಿ ಆಫೀಸಿನಲ್ಲಿ ಗುಮಾಸ್ತರು. ಆಸ್ಪತ್ರೆಯವರು ಕೊಟ್ಟ ಪಥ್ಯದ ಚೀಟಿ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು ನಾನೊಬ್ಬಳೇ ಆದ್ದರಿಂದ ಅದನ್ನು ಜಾರಿಗೆ ತರುವ ಸಂಪೂರ್ಣ ಹೊಣೆ ನನ್ನ ಮೇಲೆ ಬಿತ್ತು. ಖಾರ ಬೇಡ, ಎಣ್ಣೆ ಬೇಡ, ಒಂದು ವಾರ ಎಂದು ಬರೆದಿತ್ತು. ಆ ಒಂದು ವಾರವನ್ನು ನಾನು ಜಾಗ್ರತೆಗಾಗಿ ಮೂರು ವಾರ ಮಾಡಿದ್ದೆ.

ಅತ್ತೆ ಉಣ್ಣುವುದನ್ನೇ ಬಿಟ್ಟರು. ಎರಡು ಚಮಚ ಬಾಯಿಗಿಟ್ಟು ತಾಟು ಸರಿಸುತ್ತಿದ್ದರು. ನನ್ನ ಕಣ್ಣಿಗೆ ದಿನದಿನಕ್ಕೆ ಸೊರಗುತ್ತಿರುವಂತೆ ಕಂಡರು. ಕೈಯಲ್ಲಿನ ಹಸಿರು ಬಳೆಗಳು ಮಾತ್ರ ಮೊದಲಿನಷ್ಟೇ ಬಿಗಿಯಾಗಿದ್ದವು. ಬಾವು ಇರಬೇಕು ಎಂದುಕೊಂಡೆ. ಆಯಿತವಾರ ಕೊಂಕಲ್‌ನಿಂದ ಮೈದುನ ಬಂದು ಅವರನ್ನು ಕರೆದೊಯ್ಯುವುದಿತ್ತು. ಇನ್ನು ನಾಲ್ಕೇ ದಿನ. ಸಾಲಿ ಕಲಿತ ಸೊಸೆ ಅತ್ತೆಯನ್ನು ಉಪವಾಸ ಕೆಡವಿ ಕಳಿಸಿದಳು ಎಂದು ಇಡೀ ಕೊಂಕಲ್ ಮಾತಾಡಿಕೊಳ್ಳುವುದನ್ನು ನಾನು ಆಗಲೇ ಕಿವಿಯಾರೆ ಕೇಳುತ್ತಿದ್ದೆ.

"ಒಂದು ತುತ್ತರೆ ಉಣ್ಣ್ರಿ ಅತ್ತಿ" ಎಂದೆ.

"ಬಾಯಿಗಿ ಏನೂ ಹತ್ತವಲ್ದು ಸುಜಾತಿ. ಕೊರಮೀನಿನ ಸಾರು ಇದ್ದಿದ್ರ ಒಂದು ರೊಟ್ಟಿ ಇಳೀತಿತ್ತೇನೋ. ಹೊಟ್ಟಿ ಕೊಯ್ದವರಿಗಿ ಅದ ನೋಡು ಔಷಧ. ಹೊಲಿಗಿ ಲಗೂನ ಕೂಡತಾವ. ಆದ್ರ ಮೀನ ಜೀವ ಇದ್ದದ್ದು ಮನಿಗಿ ಬರಬೇಕು."

ಕನ್ನಡಿಯ ಮುಂದೆ ಗಡ್ಡ ಕೆರೆಯುತ್ತಿದ್ದ ಯಜಮಾನರು, "ಆಯಿತವಾರ ಶಹಾಪುರಕ್ಕ ಹೋಗಿ ತರತೀನಿ ಬಿಡವ್ವ" ಎಂದರು. ಆಯಿತವಾರ ಅತ್ತೆ ಬಸ್ಸಿನಲ್ಲಿರುತ್ತಾರೆ. ನಮ್ಮ ಯಜಮಾನರ ನೀರು ಯಾವಾಗಲೂ ಬೆಳೆ ಒಣಗಿದ ಮೇಲೆಯೇ ಬರುತ್ತದೆ.

ನಾನು ಅಂದೇ ಮೀನು ಹಿಡಿಯಲು ತೀರ್ಮಾನಿಸಿದೆ. ಅದುವರೆಗೆ ನಾನು ಹಿಡಿದಿದ್ದ ಅತಿ ದೊಡ್ಡ ಪ್ರಾಣಿ ಜಿರಲೆ. ಅದೂ ಪೊರಕೆಯ ಸಹಾಯದಿಂದ.

ಕೆನಾಲಿನ ಗೇಟು ನೋಡಿಕೊಳ್ಳುವ ಸಾಬಣ್ಣ ಕಾಕಾ ದಿನವೂ ಬೆಳಿಗ್ಗೆ ನೀರಿನ ಮಟ್ಟ ಬರೆದ ಚೀಟಿ ಕೊಡಲು ನಮ್ಮ ಮನೆಗೆ ಬರುತ್ತಾನೆ. ಯಜಮಾನರು ಸ್ನಾನಕ್ಕೆ ಹೋದದ್ದೇ ತಡ, ಅವನನ್ನು ಹಿಡಿದುಕೊಂಡೆ.

"ಕಾಕಾ, ಕೆನಾಲ್‌ದಾಗ ಕೊರಮೀನ ಸಿಗತಾವೇನು?"

"ಕೆನಾಲ್‌ದಾಗ ಇರಂಗಿಲ್ರಿ ಅಕ್ಕಾರ, ಅಲ್ಲಿ ನೀರಿನ ಓಟ ಭಾಳ. ಬಾಜೂಕ ಬಸಿನೀರು ನಿಂತ ತಗ್ಗು ಅದ ನೋಡ್ರಿ, ಆಪಿನ ಹುಲ್ಲು ಬೆಳದದ್ದು, ಅಲ್ಲಿ ಕುಂತಿರತಾವ. ಮಳಿ ಹೋಗಿ ನೀರು ತಿಳಿಯಾಗ್ಯಾದ. ಈಗ ಅವಕ್ಕ ಹಸಿವಿ ಜೋರು."

ಹಸಿವೆ ಎಂಬ ಮಾತು ಕೇಳಿಯೇ ನನಗೆ ಸಂತೋಷವಾಯಿತು. ಮೀನಿಗಾದರೂ ಇದೆಯಲ್ಲ!

"ಹಿಟ್ಟಿನ ಉಂಡಿ ಹಾಕಿದ್ರ ಬರತಾವೇನು?"

"ಸತ್ತದ್ದು, ಸಪ್ಪಂದು ಮೂಸಿನೂ ನೋಡಂಗಿಲ್ರಿ ಅದು. ಜೀವ ಇದ್ದದ್ದು ಬೇಕು, ಕಣ್ಣ ಮುಂದ ಜಿಗದಾಡಬೇಕು. ಒಂದು ಸಣ್ಣ ಕಪ್ಪಿ ತರ್ರಿ. ಗಾಳ, ತಂಗೂಸಿ, ಬಡಿಗಿ ನನ್ನ ಕಡಿ ಅವ."

ತಂಗೂಸಿ ಎಂದರೆ ನೈಲಾನಿನ ಗಟ್ಟಿ ದಾರ. ಅದನ್ನು ಅವನೇ ಕೈಯಲ್ಲಿ ಅಳೆದು ತೋರಿಸಿದ. ಹನ್ನೊಂದರ ಒಳಗೆ ಬರುತ್ತೇನೆ ಎಂದೆ, ಆಫೀಸಿಗೆ ಹೊರಟವಳ ಗತ್ತಿನಲ್ಲಿ.

ಕಪ್ಪೆಯೇನೋ ಸುಲಭವಾಗಿ ಸಿಕ್ಕಿತು. ಬಚ್ಚಲ ನೀರು ಹೋಗುವ ಕಡೆ ಹೆಬ್ಬೆರಳಷ್ಟು ದೊಡ್ಡದೊಂದು ಕುಳಿತು ಗಂಟಲು ಮಿಡಿಸುತ್ತಿತ್ತು. ಹಿಟ್ಟಿನ ಜರಡಿ ಬೋರಲು ಹಾಕಿ ಹಿಡಿದೆ. ಆದರೆ ಗಾಳಕ್ಕೆ ಇದರ ಬೆನ್ನು ಚುಚ್ಚಬೇಕಲ್ಲ ಎಂದು ನೆನಪಾದದ್ದು ಆಮೇಲೆ. ಅದರ ಕಣ್ಣಿನ ಸುತ್ತ ಕೂದಲೆಳೆಯಷ್ಟು ಸಣ್ಣ ಬಂಗಾರದ ಗೆರೆ ಇತ್ತು. ಅಂಥ ಕಣ್ಣಿನವರನ್ನು ಚುಚ್ಚುವುದು ಹೇಗೆ?

ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದ ಸಿಸ್ಟರ್, ಸೂಜಿದಾರ ಗೊತ್ತಿದ್ದ ಹೆಣ್ಣುಮಗಳಿಗೆ ಯಾವ ಕಷ್ಟವೂ ದೊಡ್ಡದಲ್ಲ ಎನ್ನುತ್ತಿದ್ದರು. ಅವರ ಮನಸ್ಸಿನಲ್ಲಿ ಈ ಕಷ್ಟ ಇರಲಿಕ್ಕಿಲ್ಲ. ನಾನು ಕೆಂಪು ಬ್ಲೌಸ್ ಪೀಸಿನ ತುಂಡಿನಲ್ಲಿ ಕಪ್ಪೆಗೊಂದು ಅಂಗಿ ಹೊಲಿದೆ. ಅಳತೆಗೆ ಒಂದು ಕ್ಷಣವೂ ನಿಲ್ಲದ ಗಿರಾಕಿ. ಎರಡು ಸಲ ಸೂಜಿ ನನ್ನ ಬೆರಳಿಗೇ ಹೋಯಿತು. ಮುಂಗಾಲಿಗೆ ಎರಡು ತೋಳು, ಹೊಟ್ಟೆಯ ಕೆಳಗೆ ಒಂದು ಗುಂಡಿ, ಬೆನ್ನ ಮೇಲೆ ಗಾಳ ಸಿಕ್ಕಿಸಲು ಒಂದು ಕುಣಿಕೆ. ಜೀವಕ್ಕೆ ನೋವಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ. ಅಂಚಿಗೆ ಸುಮ್ಮನೆ ಒಂದು ಸುತ್ತು ಚೈನ್ ಹೊಲಿಗೆಯನ್ನೂ ಹಾಕಿದೆ. ಅದು ಬೇಕಿರಲಿಲ್ಲ.

ಇನ್ನು ಮೀನು ತರುವ ಪಾತ್ರೆ. ಪಕ್ಕದ ಮನೆಯ ಶರಣಮ್ಮ ಕಿರಾಣಿ ಅಂಗಡಿಯವರ ಹೆಂಡತಿ, ಕೊರಳಲ್ಲಿ ಲಿಂಗ ಕಟ್ಟಿದವರು. ನಮ್ಮಿಬ್ಬರಿಗೆ ಒಳ್ಳೆಯ ಸ್ನೇಹ. ನಮ್ಮ ಮನೆಯಲ್ಲಿ ಮೀನು ಬೇಯುವ ದಿನ ನಾನು ಆ ಕಡೆಯ ಕಿಟಕಿ ಮುಚ್ಚುತ್ತೇನೆ, ಅವರು ಕಿಟಕಿ ಯಾಕೆ ಮುಚ್ಚಿದಿರಿ ಎಂದು ಕೇಳುವುದಿಲ್ಲ. ಸ್ನೇಹ ನಡೆದಿರುವುದು ಹೀಗೆ. ಜೀವಂತ ಮೀನನ್ನು ಬಕೀಟಿನಲ್ಲಿ ಒದ್ದಾಡಿಸುತ್ತ ಅವರ ಬಾಗಿಲ ಮುಂದೆ ತರಲು ನನ್ನ ಮನಸ್ಸು ಒಪ್ಪಲಿಲ್ಲ. ಕೊಡ ಹಿಡಿದ ಹೆಂಗಸನ್ನು ಮಾತ್ರ ಈ ಕ್ಯಾಂಪಿನಲ್ಲಿ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಅತ್ತೆ ತವರಿನಿಂದ ತಂದಿದ್ದ ಹಿತ್ತಾಳೆ ಕೊಡ ತೆಗೆದುಕೊಂಡೆ. ಕಪ್ಪೆಯನ್ನು ಉಪ್ಪಿನಕಾಯಿ ಬಾಟಲಿಗೆ ಇಳಿಸಿ, ಬಾಟಲಿಯನ್ನು ಕೊಡದೊಳಗಿಟ್ಟು ಹೊರಟೆ. ನನ್ನ ಯೋಜನೆಯಲ್ಲಿ ಒಂದೂ ತೂತಿರಲಿಲ್ಲ. ಒಂದು ತೂತು ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಮಧ್ಯಾಹ್ನ ಗೊತ್ತಾಯಿತು.

ಶೀಗಿ ಹುಣ್ಣಿಮೆ ಕಳೆದು ವಾರವಾಗಿತ್ತು. ಬಿಸಿಲಿಗೆ ಮೊದಲಿನ ಉರಿ ಇರಲಿಲ್ಲ. ಕೆನಾಲು ತುಂಬಿ ಹರಿಯುತ್ತಿತ್ತು, ಬದಿಯ ತಗ್ಗಿನಲ್ಲಿ ಬಸಿದು ನಿಂತ ನೀರು ಚಹದ ಡಿಕಾಕ್ಷನ್ ಬಣ್ಣಕ್ಕಿತ್ತು. ಸಾಬಣ್ಣ ಕಾಕಾ ಬಾಟಲಿಯನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಅಕ್ಕಾರ, ಮಳಿ ಈ ಸರ್ತಿ ಚೆಂದ ಆಗ್ಯಾದ್ರಿ. ಮತ್ತ ಕಪ್ಪಿ ಮದುವಿ ಯಾಕ?"

"ಮದುವಿ ಅಲ್ಲ ಕಾಕಾ. ಚುಚ್ಚಬಾರದಂತ ಅಂಗಿ ಹೊಲದೀನಿ."

"ಗುಂಡಿನೂ ಅದಲ್ರಿ" ಎಂದ ಅವನು ಗೌರವದಿಂದ.

ಮೊದಲ ಎಸೆತದಲ್ಲಿ ಕಪ್ಪೆ ನೀರಿಗೆ ಬೀಳುವ ಬದಲು ಸಾಬಣ್ಣನ ರುಮಾಲಿನ ಮೇಲೆ ಇಳಿಯಿತು. ಎರಡನೆಯದರಲ್ಲಿ ನೀರಿಗೇನೋ ಬಿತ್ತು, ಆದರೆ ಈಜಿ ಬಂದು ನನ್ನ ಕಾಲಬೆರಳ ಮೇಲೆ ಕುಳಿತು ನನ್ನನ್ನೇ ನೋಡಿತು. ಮೂರನೆಯ ಸಲ ಆಪಿನ ನಡುವೆ ಹೋಗಿ ಬಿತ್ತು. ಕಂದು ನೀರಿನ ಮೇಲೆ ಕೆಂಪು ಅಂಗಿ ಚುಕ್ಕೆಯಂತೆ ಅಲ್ಲಾಡುತ್ತಿತ್ತು. ಗಾಳಿ ನಿಂತಿತು. ನಾಲ್ಕು ರೆಕ್ಕೆಯ ಕೊಡತಿಹುಳವೊಂದು ಹಾರಿ ಬಂದು ನನ್ನ ಬಡಿಗೆಯ ತುದಿಗೆ ಕೂತಿತು. ಅಷ್ಟರಲ್ಲಿ ನೀರಿನೊಳಗಿಂದ ಯಾರೋ ದೊಡ್ಡವರು ಗುಟುಕರಿಸಿದಂತೆ 'ಗುಳುಕ್' ಎಂದಿತು. ಕೆಂಪು ಚುಕ್ಕೆ ಇಲ್ಲ.

"ಎಳೀಬ್ಯಾಡ್ರಿ" ಎಂದು ಸಾಬಣ್ಣ ಪಿಸುಗುಟ್ಟಿದ. "ನುಂಗಲಿ. ಹತ್ತು ಎಣಸ್ರಿ."

ನಾನು ಎಣಿಸಿದೆ. ಎದೆಯೂ ಎಣಿಸುತ್ತಿತ್ತು, ಅದು ನನಗಿಂತ ಮುಂದಿತ್ತು. ತಂಗೂಸಿ ಬಿಗಿಯಾಗಿ ನೀರನ್ನು ಕೊಯ್ಯುತ್ತ ಎಡಕ್ಕೆ ಸರಿಯಿತು. ಬಡಿಗೆಯ ತುದಿ ಬಾಗಿತು. ಎಂಟಕ್ಕೆ ನನ್ನ ತಾಳ್ಮೆ ಮುಗಿಯಿತು. ಮೀನನ್ನು ಎಳೆಯುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬಡಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಕೆನಾಲಿನ ಏರಿಯ ಮೇಲೆ ಓಡತೊಡಗಿದೆ! ಹಿಂದೆ ಏನೋ ಜಗ್ಗುತ್ತಿತ್ತು, ಬಡಿಯುತ್ತಿತ್ತು, ಹುಲ್ಲು ಸರಸರ ಎನ್ನುತ್ತಿತ್ತು. ನಾನು ತಿರುಗಿ ನೋಡಲಿಲ್ಲ.

"ನಿಲ್ರಿ ಅಕ್ಕಾರ" ಎಂದು ಸಾಬಣ್ಣ ಕೂಗುತ್ತಿದ್ದ. "ಮೀನ ದಡಕ್ಕ ಬಂದು ಆಗಲೇ ಭಾಳ ಹೊತ್ತಾತು. ಹಿಂಗ ಹೋದ್ರ ಗೋಗಿ ಊರು ಮುಟ್ಟತೀರಿ."

ಕೊರಮೀನು! ಮೊಣಕೈ ಉದ್ದ, ಹಾವಿನಂಥ ತಲೆ, ಎಣ್ಣೆ ಹಚ್ಚಿದಂಥ ಕರಿಮೈ. ಸಾಬಣ್ಣ ಗಾಳ ಬಿಡಿಸಲು ಅದರ ಬಾಯಿ ಅಗಲಿಸಿದ. ಒಳಗಿನಿಂದ ಮೊದಲು ಹೊರಬಂದದ್ದು ನನ್ನ ಕಪ್ಪೆ. ಅಂಗಿ ಸ್ವಲ್ಪ ಮುದುಡಿತ್ತು, ಬೆನ್ನ ಕುಣಿಕೆ ಕಿತ್ತುಹೋಗಿತ್ತು, ಗುಂಡಿ ಹಾಗೇ ಇತ್ತು. ಅದು ಒಂದು ಕ್ಷಣ ಬಿಸಿಲು ನೋಡಿ, ಯಾರಿಗೂ ಏನೂ ಹೇಳದೆ ಆಪಿನೊಳಗೆ ಜಿಗಿದು ಹೋಯಿತು.

"ದಾರದಾಗ ಪೋಣಿಸಿ ಕೊಡ್ಲೇನ್ರಿ?"

"ಬ್ಯಾಡ ಕಾಕಾ, ಜೀವ ಇರಬೇಕು. ಕೊಡದಾಗ ಬಿಡ್ರಿ."

ಕೊಡಕ್ಕೆ ನೀರು ತುಂಬಿ ಮೀನಿನ ತಲೆಯನ್ನು ಬಾಯಿಗಿಟ್ಟದ್ದಷ್ಟೇ. ಕತ್ತಲೆಯ ಬಿಲ ಕಂಡ ಆನಂದದಲ್ಲಿ ಅದು ತಾನಾಗಿಯೇ ಸರ್ರನೆ ಒಳಗಿಳಿದು, ಹೊಟ್ಟೆಯಲ್ಲಿ ಒಂದು ಸುತ್ತು ತಿರುಗಿ ಕೂತಿತು.

"ಹೋಗೋದೇನೋ ಹೋತ್ರಿ ಅಕ್ಕಾರ…" ಎಂದು ಸಾಬಣ್ಣ ತಲೆ ಕೆರೆದ. ಅಷ್ಟರಲ್ಲಿ ಯಾರೋ ಗೇಟಿನ ಕಡೆಯಿಂದ ಅವನನ್ನು ಕರೆದರು. ಅವನು ಮಾತು ಮುಗಿಸಲಿಲ್ಲ. ನಾನೂ ಮುಗಿಸು ಎನ್ನಲಿಲ್ಲ.

ಟೊಂಕದ ಮೇಲೆ ಕೊಡ, ಕೊಡದ ಮೇಲೆ ಸೆರಗು. ರಾಣಿಯಂತೆ ನಮ್ಮ ಓಣಿಗೆ ಬಂದೆ. ಶರಣಮ್ಮ ಬಾಗಿಲಲ್ಲೇ ನಿಂತಿದ್ದರು.

"ನೀರು ಬಂದಾವೇನ್ರಿ ಸುಜಾತಕ್ಕ? ಇವತ್ತು ನಳದ ಪಾಳಿ ಅಲ್ಲಲ್ರಿ."

"ಕೆನಾಲ್ ಕಡಿ ನಳಕ್ಕ ಬಂದಿದ್ವು" ಎಂದೆ. ಹುಟ್ಟಿದಾಗಿನಿಂದ ಸುಳ್ಳು ಹೇಳದವಳಿಗೆ ಎಷ್ಟು ಸಲೀಸಾಗಿ ಬಂತೆಂದು ನನಗೇ ಆಶ್ಚರ್ಯ. ಅಷ್ಟರಲ್ಲಿ ಕೊಡದೊಳಗೆ 'ಢಣ್' ಎಂದಿತು.

"ಒಳಗೇನ್ರಿ ಸದ್ದು?"

"ತಂಬಿಗಿ ಬಿದ್ದಾದ್ರಿ."

ನಾನು ಒಳಹೋಗಿ ಬಾಗಿಲು ಮುಚ್ಚುವಷ್ಟರಲ್ಲಿ ಸುದ್ದಿ ಓಣಿಯ ತುದಿ ಮುಟ್ಟಿತ್ತು. ಕಿಟಕಿಯಿಂದ ನೋಡಿದೆ. ಏಳು ಜನ ಹೆಂಗಸರು ಹದಿನಾಲ್ಕು ಕೊಡ ಹಿಡಿದು ಆ ಒಣನಳದ ಕಡೆ ಓಡುತ್ತಿದ್ದರು. ಎಲ್ಲರಿಗಿಂತ ಮುಂದೆ ಶರಣಮ್ಮ, ಚಪ್ಪಲಿ ಕೈಯಲ್ಲಿ ಹಿಡಿದು.

ಅತ್ತೆ ದಿನದಂತೆ ಆಗಷ್ಟೇ ಪಕ್ಕದ ಮನೆಯ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಂಡು ಬಂದು ಮಂಚದ ಮೇಲೆ ಕಾಲು ಚಾಚಿದ್ದರು. ಕೊಡವನ್ನು ಅವರ ಮುಂದಿಟ್ಟು ಬ್ಯಾಟರಿ ಹಿಡಿದೆ. ಬಗ್ಗಿ ನೋಡಿದರು. ಒಳಗಿಂದ ಎರಡು ಕಣ್ಣು ಅವರನ್ನು ನೋಡಿದವು.

"ಹೌದಲ್ಲಬೆ. ಕೊರಮೀನ." ಅವರ ಮುಖದಲ್ಲಿ ಮೂರು ವಾರದಿಂದ ನಾನು ಕಾಣದ ಬೆಳಕೊಂದು ಬಂತು. "ನೀ ಹಿಡಿದಿ? ನೀ?"

"ನಾನ ಹಿಡದೀನ್ರಿ."

"ಖರೇನ? ಆದ್ರ ನನ್ನ ತವರಿನ ಕೊಡನ ಬೇಕಿತ್ತೇನ ಅದಕ್ಕ? ಆಗಲಿ. ಉಳ್ಳಾಗಡ್ಡಿ ಸುಡು. ಬಳ್ಳೊಳ್ಳಿ ಒಂದು ಗಡ್ಡಿ, ಒಣಕೊಬ್ಬರಿ, ಹವೀಜ. ಹುಣಸಿಹಣ್ಣು ನೆನಿ ಹಾಕು. ಖಾರ ಕೈ ಬಿಟ್ಟು ಹಾಕು, ಚೀಟಿ ನೋಡಿ ಹಾಕಬ್ಯಾಡ."

ಪಥ್ಯದ ಚೀಟಿಯನ್ನು ಆ ಕ್ಷಣವೇ ರದ್ದುಗೊಳಿಸಲಾಯಿತು. ನಾನು ಹಾರುತ್ತ ಮಸಾಲೆ ಅರೆದೆ. ಮನೆಯೆಲ್ಲ ಘಮಘಮ. ಆಮೇಲೆ ಮೀನನ್ನು ತೆಗೆಯಲು ಕೊಡ ಬಗ್ಗಿಸಿದೆ.

ನೀರು ಬಂತು. ಮೀನು ಬರಲಿಲ್ಲ.

ಪೂರ್ತಿ ಬೋರಲು ಹಾಕಿ ಬೆನ್ನಿಗೆ ತಟ್ಟಿದೆ. ಒಳಗಿಂದ ಮೀನೂ ತಟ್ಟಿತು. ಮತ್ತೆ ನೀರು ತುಂಬಿದೆ, ಮತ್ತೆ ಬಗ್ಗಿಸಿದೆ. ಕತ್ತಿನ ಹತ್ತಿರ ಒಮ್ಮೆ ಬಾಲ ಕಾಣುತ್ತಿತ್ತು, ಒಮ್ಮೆ ಬೆನ್ನು. ತಲೆ ಮಾತ್ರ ಯಾವಾಗಲೂ ಅತ್ತ ಕಡೆ. ಕೈ ಹಾಕಿದೆ. ಕೊರಮೀನಿಗೆ ಹಲ್ಲಿವೆ ಎಂಬ ವಿಷಯ ತಿಳಿದು ಬೇಗ ತೆಗೆದೆ.

ಎರಡು ಗಂಟೆಗೆ ಯಜಮಾನರು ಊಟಕ್ಕೆ ಬಂದರು. ಕೊಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಾಲುವೆ ಪರಿಶೀಲನೆಗೆ ಬಂದವರಂತೆ ಕೈ ಹಿಂದೆ ಕಟ್ಟಿ ನಿಂತರು.

"ಒಳಹರಿವು ಅದ. ಹೊರಹರಿವು ಇಲ್ಲ" ಎಂದರು.

"ಅದು ನನಗೂ ಗೊತ್ತಾಗ್ಯಾದ್ರಿ."

"ಶಹಾಪುರಕ್ಕ ಒಯ್ದು ಕತ್ತು ಕೊಯ್ಸಿದ್ರ?"

ಮಂಚದಿಂದ ಅತ್ತೆಯ ದನಿ ಬಂತು. "ನನ್ನ ಕತ್ತು ಕೊಯ್ಸು. ಕೊಡಕ್ಕ ಕೈ ಹಚ್ಚಬ್ಯಾಡ. ನಮ್ಮಪ್ಪ ಕೊಟ್ಟದ್ದು."

"ಹಂಗಾರ ಒಳಗ ಬಿಸಿನೀರು ಹಾಕೋಣು."

"ಅದರಾಗ ಸತ್ರ ನಾಳಿಂದ ಆ ಕೊಡದಾಗ ನೀರು ತುಂಬಿ ನೀ ಕುಡೀತಿಯೇನು?"

ಯಜಮಾನರು ರೊಟ್ಟಿಯನ್ನು ಮೀನಿನ ಸಾರಿಲ್ಲದೆ ತಿನ್ನುತ್ತ ಯೋಚಿಸಿದರು. ನಾಲ್ಕನೆಯ ರೊಟ್ಟಿಗೆ ಅವರಿಗೆ ಉಪಾಯ ಹೊಳೆಯಿತು. ಮೀನಿಗೆ ಹೊರಗೆ ನೀರು ಕಾಣಬೇಕು. ಕೊಡವನ್ನು ಆಳವಾದ ನೀರಿನಲ್ಲಿ ಮುಳುಗಿಸಿದರೆ ಅದು ತನ್ನಷ್ಟಕ್ಕೇ ತಿರುಗಿ ಹೊರಬರುತ್ತದೆ. ಎಂಥ ಬುದ್ಧಿ! ನಮ್ಮ ಸಿಮೆಂಟಿನ ನೀರತೊಟ್ಟಿಯಲ್ಲಿ ಮೊಣಕಾಲಿನಷ್ಟೂ ನೀರಿರಲಿಲ್ಲ. ಆದ್ದರಿಂದ ಯಜಮಾನರು ಅರ್ಧ ದಿನದ ರಜೆ ಹಾಕಿದರು. ಕಾರಣ: ತಾಯಿಯ ಆರೋಗ್ಯ.

ಸ್ಕೂಟರಿನ ಹಿಂದೆ ಕೊಡವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಒಣನಳದಿಂದ ಬರಿಗೊಡ ತಂದ ಸಿಟ್ಟಿನಲ್ಲಿ ಶರಣಮ್ಮ ಕಟ್ಟೆಯ ಮೇಲಿದ್ದರು.

"ಮತ್ತ ನೀರಿಗೇನ್ರಿ ಅಕ್ಕಾರ?"

"ಹೌದ್ರಿ."

"ತುಂಬಿದ ಕೊಡ ತಗೊಂಡು ನೀರಿಗೆ ಹೊಂಟೀರಿ. ಸಾಲಿ ಕಲಿತವರ ಲೆಕ್ಕನ ಬ್ಯಾರೆ ಬಿಡ್ರಿ."

ಅದೇ ತಗ್ಗಿನ ಬದಿಗೆ ಬಂದೆವು. ಸಾಬಣ್ಣ ಇರಲಿಲ್ಲ. ಯಜಮಾನರು ಪ್ಯಾಂಟು ಮಡಿಚಿ, ಕೊಡದ ಕತ್ತಿಗೆ ಹಗ್ಗ ಬಿಗಿದು, ಬಹಳ ಗಾಂಭೀರ್ಯದಿಂದ ನೀರಿಗಿಳಿಸಿದರು. ಕೊಡ ಗುಳುಗುಳು ಎಂದು ಮುಳುಗಿ ಆ ಕಂದು ತಿಳಿನೀರಿನ ತಳದಲ್ಲಿ ಓರೆಯಾಗಿ ಮಲಗಿತು. ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತು ಅದರ ಬಾಯಿಯನ್ನೇ ನೋಡಿದೆವು. ಐದು ನಿಮಿಷ. ಹತ್ತು ನಿಮಿಷ. ಕತ್ತಲೆಯೊಳಗೆ ಏನೋ ತಿರುಗಿದಂತಾಯಿತು. ಯಜಮಾನರು ನನ್ನ ಕೈ ಹಿಡಿದರು. ಮದುವೆಯಾದ ಮೇಲೆ ಮನೆಯ ಹೊರಗೆ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು.

ಮೊದಲು ಮೂತಿ ಬಂತು. ಆಮೇಲೆ ಕಣ್ಣು. ಆಮೇಲೆ ಕಿವಿರಿನ ರೆಕ್ಕೆ, ಒಂದು ಸಲ ಬೀಸಿದಂತೆ.

"ಬಂತು" ಎಂದೆ ನಾನು.

"ಬಂತು ಬಂತು" ಎಂದರು ಅವರು.

ಬಂತು. ಪೂರ್ತಿ ಬಂತು. ಬಂದದ್ದು ಹೋಯಿತು.

ಮೀನನ್ನು ಕೊಡದಿಂದ ಹೊರಗೆ ತರುವುದು ಹೇಗೆಂದು ಒಬ್ಬ ಪದವೀಧರರು ಮತ್ತು ಒಬ್ಬ ಕಾನ್ವೆಂಟ್ ವಿದ್ಯಾರ್ಥಿನಿ ಇಡೀ ಮಧ್ಯಾಹ್ನ ಯೋಚಿಸಿದ್ದೆವು. ಹೊರಗೆ ಬಂದ ಮೇಲೆ ಏನು ಎಂಬುದನ್ನು ಇಬ್ಬರೂ ಯೋಚಿಸಿರಲಿಲ್ಲ! ಆಪಿನ ಎಲೆಗಳು ಅಲ್ಲಾಡುವುದು ನಿಂತ ಮೇಲೂ ನಾವು ಅದೇ ದಿಕ್ಕಿಗೆ ನೋಡುತ್ತ ಕೂತಿದ್ದೆವು. ನನ್ನ ಕೈ ಇನ್ನೂ ಅವರ ಕೈಯಲ್ಲೇ ಇತ್ತು. ಅದು ನೆನಪಾಗಿ ಅವರು ಬಿಟ್ಟರು.

"ಕೊಡ ಖಾಲಿ ಮಾಡೋದಿತ್ತು. ಮಾಡಿದ್ವಿ" ಎಂದರು ಕೊನೆಗೆ.

ಮನೆಗೆ ಬಂದಾಗ ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು. ಖಾಲಿ ಕೊಡ ನೋಡಿದರು, ಮಗನ ಒದ್ದೆ ಪ್ಯಾಂಟು ನೋಡಿದರು, ನನ್ನ ಮುಖ ನೋಡಿದರು. ನಡೆದದ್ದೆಲ್ಲ ಹೇಳಿದೆ, ಅಂಗಿಯಿಂದ ಹಿಡಿದು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ.

"ಸಾಕು ಮಾಡಬೆ" ಎಂದರು ಹೊಟ್ಟೆ ಹಿಡಿದುಕೊಂಡು. "ಇನ್ನೊಂದು ಮಾತು ಹೇಳಿದ್ರ ನನ್ನ ಹೊಲಿಗಿ ಬಿಚ್ಚತಾವ. ಕಪ್ಪಿಗಿ ಗುಂಡಿ ಹಚ್ಚ್ಯಾಳಂತ. ಗುಂಡಿ."

ನಕ್ಕು ನಕ್ಕು ಕಣ್ಣೊರೆಸಿಕೊಂಡು ಅವರೇ ಅಡುಗೆಮನೆಗೆ ನಡೆದರು. ಅರೆದ ಮಸಾಲೆ ಹಾಗೇ ಇತ್ತು. "ಮೀನ ಹೋದ್ರ ಹೋಗಲಿ, ಖಾರ ಎಲ್ಲಿಗಿ ಹೋಗ್ಯಾದ?" ಎಂದು ಅದಕ್ಕೇ ಹುಣಸೆ ನೀರು ಸುರಿದು ಕುದಿಸಿದರು. ಮೀನಿಲ್ಲದ ಮೀನಿನ ಸಾರು. ನನ್ನ ಮುಂದೆಯೇ ಕೂತು ಬಿಸಿ ಜೋಳದ ರೊಟ್ಟಿ ಎರಡನ್ನು, ಎರಡನ್ನೂ, ಮುರಿದು ಅದ್ದಿ ಅದ್ದಿ ತಿಂದರು. ಹಣೆಯ ಮೇಲೆ ಬೆವರ ಹನಿ ಮೂಡಿದವು. ನಾನು ಆ ಹನಿಗಳನ್ನು ಎಣಿಸುತ್ತ ನಿಂತೆ. ಸೋತು ಗೆದ್ದೆ ಎಂದರೆ ಇದೇ. ನನ್ನ ಪರದಾಟ ನೋಡಿ ಅತ್ತೆಯ ಕರುಳು ಕರಗಿದೆ, ಮೂರು ವಾರದ ಹಸಿವೆ ಒಂದೇ ಸಂಜೆಗೆ ಮರಳಿದೆ. ಕೊಂಕಲ್‌ನ ಜನ ಇನ್ನು ಏನು ಬೇಕಾದರೂ ಮಾತಾಡಿಕೊಳ್ಳಲಿ. ಈ ಸೊಸೆಯ ಮುಂದೆ ಯಾವ ಡಾಕ್ಟರೂ ಇಲ್ಲ ಎಂದು ನಾನು ನನಗೇ ಸರ್ಟಿಫಿಕೇಟು ಬರೆದುಕೊಳ್ಳುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಶರಣಮ್ಮ ಹೆಪ್ಪಿಗೆ ಒಂದಿಷ್ಟು ಮೊಸರು ಕೇಳಲು ಬಂದರು. ನಳದ ಸಿಟ್ಟು ಇಳಿದಿತ್ತು. ಬಟ್ಟಲು ತುಂಬಿಸಿ ಕೊಟ್ಟೆ. ಅವರು ಚಪ್ಪಲಿ ಮೆಟ್ಟುತ್ತ, ಏನೋ ನೆನಪಾದವರಂತೆ 'ಹಾಂ' ಎಂದು ತಿರುಗಿದರು.

"ನಾಳಿ ನಸುಕಿಗೆದ್ದು ಸುರಪುರಕ್ಕ ಹೊಂಟೀನ್ರಿ ಅಕ್ಕಾರ, ತಂಗಿ ಮನಿಗಿ. ಎರಡು ದಿನ ಬರಂಗಿಲ್ಲ. ನಿಮ್ಮತ್ತಿಗಿ ಒಂದು ಮಾತು ಹೇಳಿಬಿಡ್ರಿ, ದಿನದಂಗ ಹನ್ನೊಂದಕ್ಕ ಉಣ್ಣಾಕ ಬಂದು ಬಾಗಿಲ ಬಡಕೋತ ನಿಂತಾರು. ಪಾಪ, ಪುಂಡಿಪಲ್ಯ ಇದ್ದ ದಿನ ಮೂರು ರೊಟ್ಟಿ ತಿನ್ನೋ ಜೀವ ಅದು."